ಮೆಜೆಸ್ಟಿಕ್ಕಿನ ಏರಿ ಯಾವ ಕಡೆ ಇತ್ತು?

ಬೆಂಗಳೂರಿನ ಹಳೇ ಪೇಟೆಯಲ್ಲಿ ನಿಧಾನಕ್ಕೆ ಒಂದು ಸುತ್ತು ಹಾಕಿ ಬರ್ಬೇಕು ಅಂತ ಬಹಳ ವರ್ಷದಿಂದ ಅಂದ್ಕೊಂಡಿದ್ದೆ. ದುಡ್ಡು ಕೊಟ್ರೆ ಕರ್ಕೊಂಡು ಹೋಗಿ ತೋರಿಸೋರು ಇದ್ದಾರೆ. ಆದ್ರೆ ವಾರವಿಡೀ ಮೀಟಿಂಗಿನ ಗಂಟೆಗೆ ಓಡಾಡೋ ನಾನು ಭಾನುವಾರವೂ ಇನ್ನೊಬ್ಬರ ಟೈಮಿಗೆ ಏಳೋದು ಆಗದ ಮಾತು. ಹಾಗಾಗಿ ಒಂದು ಶನಿವಾರ ರಾತ್ರಿ ಕೂತು ನಕ್ಷೆಯ ಮೇಲೆ ನಾನೇ ದಾರಿ ಗುರುತು ಹಾಕ್ಕೊಂಡೆ. ಮೆಜೆಸ್ಟಿಕ್‌ನಲ್ಲಿ ಶುರು. ಬಳೇಪೇಟೆ, ಚಿಕ್ಕಪೇಟೆ ಹಾದು ಅವೆನ್ಯೂ ರಸ್ತೆಯಲ್ಲಿ ಇಳಿದು ಕೆ.ಆರ್. ಮಾರ್ಕೆಟ್ಟು, ಕೋಟೆ, ಟಿಪ್ಪು ಅರಮನೆ. ಅಲ್ಲಿಂದ ತಿರುಗಿ ಧರ್ಮರಾಯನ ಗುಡಿ, ಕೊನೆಗೆ ಕಂಠೀರವ ಸ್ಟೇಡಿಯಂ.

ಜೊತೆಗೆ ಬಂದವನು ಅಪ್ಪ. ಕಣ್ಣು ತೋರಿಸೋಕೆ ಅಂತ ಕೋಲಾರದ ಕಡೆಯ ನಮ್ಮೂರಿಂದ ಬಂದು, ನನ್ನ ಮೂರನೇ ಮಹಡಿಯ ಮನೆಯಲ್ಲಿ ಎರಡು ದಿನಕ್ಕೇ ಬೇಜಾರಾಗಿ ಕೂತಿದ್ದ. "ನಡಿಯೋದು ಅಂದ್ರೆ ಬರ್ತೀನಿ, ಕಾರಲ್ಲಾದ್ರೆ ಬೇಡ" ಅಂದ.

ಬೆಳಗ್ಗೆ ಆರೂವರೆಗೆ ಮೆಜೆಸ್ಟಿಕ್‌ನಲ್ಲಿ ನಿಂತ್ಕೊಂಡು ನಾನು ಓದಿದ್ದನ್ನೆಲ್ಲ ಒಪ್ಪಿಸೋಕೆ ಶುರು ಮಾಡ್ದೆ. ಕೆಂಪೇಗೌಡರು 1537ರಲ್ಲಿ ಮಣ್ಣಿನ ಕೋಟೆ ಕಟ್ಟಿ ಪೇಟೆ ಮಾಡಿದ್ದು, ಊರಿನ ನೀರಿಗೆ ಕೆರೆಗಳನ್ನ ಆಶ್ರಯಿಸಿದ್ದು, ಈಗ ನಾವು ನಿಂತಿರೋ ಬಸ್‌ಸ್ಟ್ಯಾಂಡೇ ಆಗ ಧರ್ಮಾಂಬುಧಿ ಕೆರೆ ಆಗಿದ್ದದ್ದು. ಕೆರೆ ಒಣಗಿ ಮೈದಾನವಾಯ್ತು, ಸುಭಾಷ್‌ನಗರ ಅಂತ ಹೆಸರಾಯ್ತು, ಆಮೇಲೆ ಬಸ್‌ಸ್ಟ್ಯಾಂಡ್ ಬಂತು.

ಅಪ್ಪ ಎಲ್ಲ ಕೇಳಿಸ್ಕೊಂಡು ಸುತ್ತ ಒಮ್ಮೆ ಕಣ್ಣಾಡಿಸಿ ಒಂದೇ ಪ್ರಶ್ನೆ ಕೇಳ್ದ.

"ಏರಿ ಯಾವ ಕಡೆ ಇತ್ತು?"

ನನಗೆ ಗೊತ್ತಿರ್ಲಿಲ್ಲ. ಬಿಇ ಮಾಡೋಕೆ ಬಂದ ದಿನ ಟ್ರಂಕು ಹಿಡ್ಕೊಂಡು ಮೊದಲು ಕಾಲಿಟ್ಟ ಜಾಗ ಇದು. ಆಮೇಲೆ ಸಾವಿರ ಸಲವಾದ್ರೂ ಇಲ್ಲಿ ಬಸ್ ಹತ್ತಿದೀನಿ. ಮಳೆ ಬಂದಾಗ ಇಲ್ಲೇ ಯಾಕೆ ನೀರು ನಿಲ್ಲುತ್ತೆ ಅಂತ ಬೈಕೊಂಡಿದೀನಿ. ಅದು ತಗ್ಗು, ಕೆರೆಯ ಅಂಗಳ ಅಂತ ಒಂದು ದಿನವೂ ಹೊಳೆದಿರ್ಲಿಲ್ಲ. ಅಪ್ಪನಿಗೆ ಕೆರೆ ಅಂದ್ರೆ ಏರಿ, ತೂಬು, ಕೋಡಿ, ಕೆಳಗಿನ ಗದ್ದೆ. ನನಗೆ ಕೆರೆ ಅಂದ್ರೆ ನಕ್ಷೆಯ ಮೇಲಿನ ನೀಲಿ ಬಣ್ಣ. ಇಡೀ ನಡಿಗೆ ಅಲ್ಲಿಂದ ದಿಕ್ಕು ತಪ್ಪಿತು ಅನ್ನಿ, ಅಥವಾ ದಾರಿಗೆ ಬಂತು ಅನ್ನಿ. ನಾನು ಕಟ್ಟಡ ತೋರಿಸ್ತಾ ಹೋದೆ, ಅಪ್ಪ ನೆಲದ ಇಳಿಜಾರು ನೋಡ್ತಾ ಬಂದ.

ಬಳೇಪೇಟೆಯಲ್ಲಿ ಅಂಗಡಿಗಳಿನ್ನೂ ತೆಗೆದಿರ್ಲಿಲ್ಲ. ಈ ಪೇಟೆಗಳ ಹೆಸರೇ ಒಂದು ಚರಿತ್ರೆ. ಅಕ್ಕಿಪೇಟೆ, ಅರಳೇಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ. ಯಾರು ಏನು ಮಾಡ್ತಿದ್ರು, ಏನು ಮಾರ್ತಿದ್ರು ಅನ್ನೋದಕ್ಕೆ ಬೇರೆ ದಾಖಲೆ ಬೇಡ. ದೊಡ್ಡಪೇಟೆ ಅಂದ್ರೆ ಈಗಿನ ಅವೆನ್ಯೂ ರಸ್ತೆ. ಅದು ಚಿಕ್ಕಪೇಟೆ ರಸ್ತೆಯನ್ನ ಕೂಡೋ ಚೌಕದಲ್ಲಿ ನಾಲ್ಕು ಜೋಡಿ ಎತ್ತಿಗೆ ನೇಗಿಲು ಕಟ್ಟಿ ನಾಲ್ಕು ದಿಕ್ಕಿಗೆ ಹೊಡೆಸಿ, ಆ ಸಾಲಿನ ಮೇಲೇ ಬೀದಿ ಮಾಡಿದ್ರು ಅಂತ ಕಥೆ. ಹಲಸೂರು, ಯಲಹಂಕ, ಆನೇಕಲ್, ಸೊಂಡೇಕೊಪ್ಪ ಅಂತ ಬಾಗಿಲುಗಳಿಗೆ ಹೆಸರು. ಎತ್ತು ನಿಂತಲ್ಲಿ ಕೋಟೆಯ ಬಾಗಿಲು ಅಂತಾರೆ. ಅಪ್ಪ ಇದನ್ನ ನಂಬಲಿಲ್ಲ. "ಎತ್ತು ಅಷ್ಟು ನೆಟ್ಟಗೆ ಹೋಗಲ್ಲ ಕಣೋ, ಇಳಿಜಾರು ಹುಡುಕ್ಕೊಂಡು ಹೋಗುತ್ತೆ" ಅಂದ. ಅವೆನ್ಯೂ ರಸ್ತೆಯಲ್ಲಿ ಮಾರ್ಕೆಟ್ ಕಡೆ ನಡೀರಿ, ಅವನ ಮಾತನ್ನ ತೆಗೆದುಹಾಕೋಕಾಗಲ್ಲ.

ನೀವು ಹೋಗೋದಾದ್ರೆ ಭಾನುವಾರವೇ ಹೋಗಿ. ಅವತ್ತು ಅವೆನ್ಯೂ ರಸ್ತೆಯ ಬಹಳಷ್ಟು ಅಂಗಡಿ ಮುಚ್ಚಿರ್ತವೆ, ಫುಟ್‌ಪಾತ್ ಮೇಲೆ ಹಳೇ ಪುಸ್ತಕ ಹರಡಿರ್ತವೆ. ನನ್ನ ಮೂರನೇ ಸೆಮಿಸ್ಟರಿನಿಂದ ಕೊನೆಯವರೆಗಿನ ಪುಸ್ತಕವೆಲ್ಲ ಇಲ್ಲಿಯವೇ. ಬೇರೆಯವರು ಪೆನ್ಸಿಲಿನಲ್ಲಿ ಗೆರೆ ಎಳೆದಿರೋ ಪುಸ್ತಕ ಸಿಕ್ರೆ ನನಗೆ ಖುಷಿ, ಯಾವುದು ಮುಖ್ಯ ಅಂತ ಹುಡುಕೋ ಕೆಲಸ ಉಳೀತು ಅಂತ. ಅಲ್ಲೇ ರೈಸ್ ಮೆಮೋರಿಯಲ್ ಚರ್ಚ್ ಇದೆ. ಶಾಸನಗಳನ್ನ ಸಂಗ್ರಹಿಸಿದ ಬಿ.ಎಲ್. ರೈಸ್ ಅವರ ತಂದೆಯ ನೆನಪಿನದ್ದು. ಆಗೆಲ್ಲ ಅದರ ಮುಂದೆ ನಿಂತೇ ಪುಸ್ತಕದ ಚೌಕಾಸಿ ಮಾಡ್ತಿದ್ದೆ, ತಲೆಯೆತ್ತಿ ಬೋರ್ಡು ಓದಿರ್ಲಿಲ್ಲ.

ಮಾರ್ಕೆಟ್ಟಿಗೆ ಬರೋ ಹೊತ್ತಿಗೆ ಅಪ್ಪನ ನಡಿಗೆಯೇ ಬದಲಾಯ್ತು. ಇದು ಅವನ ಜಾಗ. ನಾನು ಹೈಸ್ಕೂಲಿನಲ್ಲಿದ್ದಾಗ ಕನಕಾಂಬರ, ಸೇವಂತಿಗೆ ಮೂಟೆ ಕಟ್ಕೊಂಡು ರಾತ್ರಿ ಬಸ್ಸಲ್ಲಿ ಕಲಾಸಿಪಾಳ್ಯಕ್ಕೆ ಬಂದು, ಬೆಳಗಾಗೋದ್ರೊಳಗೆ ಇಲ್ಲಿ ಹೂವು ಹಾಕಿ, ಇಡ್ಲಿ ತಿಂದು ಮೊದಲ ಬಸ್ಸಿಗೆ ವಾಪಸ್. ಊರಿನ ಕೆರೆ ಬತ್ತಿ, ಬೋರ್‌ವೆಲ್ ಸಾವಿರ ಅಡಿ ದಾಟಿ, ಹೂವು ನಿಂತು ಹೋಯ್ತು. ಆಗ ಕೂಡಿಟ್ಟ ದುಡ್ಡಲ್ಲೇ ನನ್ನ ಮೊದಲ ವರ್ಷದ ಫೀಸು.

"ಇದೂ ಕೆರೇನೇ ಕಣಪ್ಪ" ಅಂದೆ. ಸಿದ್ದಿಕಟ್ಟೆ ಅಂತ ಇಲ್ಲಿ ನೀರಿತ್ತು. ಅದರ ಜಾಗದಲ್ಲಿ 1928ರಲ್ಲಿ ಮಾರ್ಕೆಟ್ ಕಟ್ಟಡ ಎದ್ದಿತು. ಅಪ್ಪ ಹೂವಿನ ಕಸ ತುಳಿದು ಜಾರೋ ನೆಲವನ್ನ ಚಪ್ಪಲಿಯಲ್ಲಿ ಕೆರೆದು ನೋಡ್ದ. "ಹತ್ತು ವರ್ಷ ಕೆರೆಯೊಳಗೆ ಕೂತು ಹೂವು ಮಾರಿದೀನಿ ಹಂಗಾದ್ರೆ!"

ಮಾರ್ಕೆಟ್ಟಿನ ಪಕ್ಕದಲ್ಲೇ ಕೋಟೆ. ಚಿಕ್ಕದೇವರಾಜ ಒಡೆಯರ ಕಾಲದ ಮಣ್ಣಿನ ಕೋಟೆಯನ್ನ 1761ರಲ್ಲಿ ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ. ಕಾರ್ನ್‌ವಾಲಿಸ್‌ನ ಸೈನ್ಯ 1791ರ ಮಾರ್ಚ್ 7ರಂದು ಪೇಟೆ ಹಿಡೀತು, ಮಾರ್ಚ್ 21ರ ರಾತ್ರಿ ಕೋಟೆ ಗೋಡೆ ಒಡೆದು ಒಳಗೆ ನುಗ್ಗಿತು. ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡ್ತಾ ಸತ್ತ. ಈಗ ಉಳಿದಿರೋದು ದೆಹಲಿ ಬಾಗಿಲು, ಅದರ ಪಕ್ಕದ ಒಂದಿಷ್ಟು ಗೋಡೆ, ಒಳಗೊಂದು ಗಣಪತಿ ಗುಡಿ. ಬಾಗಿಲು ನೋಡೋಕೆ ಬಹಳ ಚೆನ್ನಾಗಿದೆ, ನಿಂತು ನೋಡಿ. ಟಿಪ್ಪುವಿನ ಬೇಸಿಗೆ ಅರಮನೆ 1781ರಲ್ಲಿ ಶುರುವಾಗಿ ಮುಗಿದದ್ದು 1791ರಲ್ಲಿ, ಅಂದ್ರೆ ಕೋಟೆ ಕೈತಪ್ಪಿದ ವರ್ಷವೇ. ಅಪ್ಪ ಮರದ ಕಂಬ ತಟ್ಟಿ "ತೇಗ" ಅಂದಿದ್ದು ಬಿಟ್ರೆ ಅಲ್ಲಿ ಹೆಚ್ಚು ಮಾತಾಡ್ಲಿಲ್ಲ. ಪಕ್ಕದ ಕೋಟೆ ವೆಂಕಟರಮಣನಿಗೆ ಕೈಮುಗಿದು ಹೊರಟ್ವಿ.

ನಾನು ಯೋಚಿಸ್ತಿದ್ದದ್ದು ಬೇರೆ. ಯುದ್ಧದಲ್ಲಿ ಸೋತ ಕೋಟೆಯ ತುಣುಕಾದ್ರೂ ಉಳಿದಿದೆ, ಅದಕ್ಕೊಂದು ಬೋರ್ಡಿದೆ. ಕೆರೆಗಳನ್ನ ಯಾರೂ ಯುದ್ಧ ಮಾಡಿ ಕೆಡವಲಿಲ್ಲ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ದೂರದಿಂದ ನೀರು ಬರೋಕೆ ಶುರುವಾದ ಮೇಲೆ ಹತ್ತಿರದ ಕೆರೆ ಬರೀ ಸೊಳ್ಳೆ ಸಾಕೋ ಗುಂಡಿಯಾಗಿ ಕಂಡಿತು, ಇಲ್ಲಾ ಖಾಲಿ ಸೈಟಾಗಿ. ನಮ್ಮ ಕಡೆ ಸಾಫ್ಟ್‌ವೇರಲ್ಲೂ ಹಿಂಗೇ. ಹೊಸ ಸಿಸ್ಟಮ್ ಬಂದ ದಿನ ಹಳೇದನ್ನ ಯಾರೂ ಅಳಿಸಲ್ಲ, ನೋಡ್ಕೊಳ್ಳೋದು ಬಿಡ್ತಾರೆ ಅಷ್ಟೆ.

ಸಂಪಂಗಿ ಕೆರೆಯ ವಿಷಯ ಮಾತ್ರ ಇಷ್ಟು ಸದ್ದಿಲ್ಲದೆ ಮುಗೀಲಿಲ್ಲ. ಪೇಟೆಗೂ ದಂಡಿಗೂ ನಡುವೆ ಇದ್ದ ಕೆರೆ ಅದು. ಕೆಳಗಿನ ತೋಟಗಳಲ್ಲಿ ತಿಗಳರು ತರಕಾರಿ, ಹೂವು ಬೆಳೀತಿದ್ರು, ಅವರಿಗೆ ನೀರು ಬೇಕು. ದಂಡಿನ ದೊರೆಗಳಿಗೆ ಪೋಲೋ ಆಡೋಕೆ ಒಣ ನೆಲ ಬೇಕು. ತೋಟದವರು ಅರ್ಜಿ ಕೊಟ್ಕೊಂಡ್ರು. ಕೊನೆಗೆ ಗೆದ್ದದ್ದು ಯಾರು ಅಂತ ಇವತ್ತು ಕಂಠೀರವ ಸ್ಟೇಡಿಯಂ ನೋಡಿದ್ರೆ ಗೊತ್ತಾಗುತ್ತೆ.

ಆದ್ರೆ ತಿಗಳರು ಕೆರೆಯನ್ನ ಪೂರ್ತಿ ಬಿಟ್ಟುಕೊಡಲಿಲ್ಲ. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯ ಮುಂದೆ ನಿಂತು ಅಪ್ಪನಿಗೆ ಇದನ್ನ ಹೇಳಿದಾಗ ಅವನ ಮುಖ ಅರಳ್ತು. ನಮ್ಮ ಕಡೆಯೂ ಕರಗ ಉಂಟು, ಅವನಿಗೆ ವಿವರಿಸೋದು ಬೇಕಿಲ್ಲ. ಚೈತ್ರ ಹುಣ್ಣಿಮೆಯ ರಾತ್ರಿ ಈ ಗುಡಿಯಿಂದ ಹೊರಡೋ ದ್ರೌಪದಿಯ ಕರಗ ಪೇಟೆಯೆಲ್ಲ ಸುತ್ತಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತೆ. ಅದಕ್ಕೂ ಮೊದಲು ಹಸಿ ಕರಗ ತರೋದು ಸಂಪಂಗಿ ಕೆರೆ ಅಂಗಳದಿಂದ. ಕೆರೆ ಹೋಗಿದೆ, ಸ್ಟೇಡಿಯಂ ಹತ್ತಿರ ಚೌಕನೆಯ ಒಂದು ಕುಂಟೆ ಉಳಿದಿದೆ. ಶಾಸ್ತ್ರಕ್ಕೆ ನೀರು ಬೇಕು ಅನ್ನೋ ಒಂದೇ ಕಾರಣಕ್ಕೆ ಉಳಿದದ್ದು ಅದು.

ಕುಂಟೆ ಹತ್ತಿರ ಬರೋ ಹೊತ್ತಿಗೆ ಹತ್ತು ಗಂಟೆ ಬಿಸಿಲು. ಅಪ್ಪ ಮರದ ನೆರಳಲ್ಲಿ ಕೂತು ಕೇಳ್ದ, "ಸರಿ, ಇಷ್ಟೂ ಕೆರೆ ಮುಚ್ಚಿದ್ರಲ್ಲ, ನೀರೆಲ್ಲಿ ಹೋಯ್ತು?"

ಇದಕ್ಕೆ ಉತ್ತರ ನನ್ನ ಹತ್ರ ಇತ್ತು. ಆಟೋ ಹಿಡಿದು ಶಾಂತಿನಗರ ಬಸ್‌ಸ್ಟ್ಯಾಂಡಿನ ಪಕ್ಕ ಕರ್ಕೊಂಡು ಹೋದೆ. ಅಲ್ಲೊಂದು ರಾಜಕಾಲುವೆ ಹಾದು ಹೋಗುತ್ತೆ, ದಾಖಲೆಯಲ್ಲಿ ಕೆ-100. ಮೆಜೆಸ್ಟಿಕ್ ಕಡೆಯಿಂದ ಹೊರಟು, ಶಾಂತಿನಗರ, ಕೋರಮಂಗಲ ಹಾದು ಬೆಳ್ಳಂದೂರು ಕೆರೆ ಸೇರುತ್ತೆ. ಇತ್ತೀಚೆಗೆ ದಡದಲ್ಲಿ ನಡೆಯೋಕೆ ದಾರಿ ಮಾಡಿದ್ದಾರೆ. ಈ ಕಣಿವೆಗೆ ಹೆಸರು ಕೋರಮಂಗಲ-ಚಲ್ಲಘಟ್ಟ. ಚಲ್ಲಘಟ್ಟವೂ ಕೆರೆಯೇ, ಈಗ ಗಾಲ್ಫ್ ಮೈದಾನ. ನಮ್ಮ ಆಫೀಸಿನ ಕ್ಯಾಂಟೀನಿನಿಂದ ಅದರ ಹಸಿರು ಕಾಣುತ್ತೆ.

"ಕೆ.ಸಿ. ವ್ಯಾಲಿ?" ಅಪ್ಪ ತಟ್ಟನೆ ಕೇಳ್ದ.

ಕೋಲಾರದಲ್ಲಿ ಈ ಹೆಸರು ಗೊತ್ತಿಲ್ಲದ ರೈತ ಇಲ್ಲ. ಈ ಕಣಿವೆಯ ಕೊಳಚೆಯನ್ನ ಎರಡನೇ ಹಂತದವರೆಗೆ ಶುದ್ಧ ಮಾಡಿ, ಪಂಪಿನಲ್ಲಿ ಎತ್ತಿ, 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡ್ತಿದ್ದಾರೆ. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ ಅಂತ ಲೆಕ್ಕ ಹಾಕಿದ ಯೋಜನೆ. ಮೊದಲು ಲಕ್ಷ್ಮೀಸಾಗರ ಕೆರೆ, ಅಲ್ಲಿಂದ ಒಂದು ತುಂಬಿ ಇನ್ನೊಂದಕ್ಕೆ. ನಮ್ಮೂರ ಕೆರೆಗೂ ಬಂತು. ಕೋಡಿ ಹರಿದ ದಿನ ಅಪ್ಪ ಫೋನ್ ಮಾಡಿ ಆ ಸದ್ದು ಕೇಳಿಸಿದ್ದ. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಅಂತ ಜಿಲ್ಲೆಯಲ್ಲಿ ಹೋರಾಟ ನಡೀತಿದೆ, ಆ ನೀರು ಮುಟ್ಟಬೇಡ ಅಂತ ನಾನು ಅವತ್ತು ಅವನ ಜೊತೆ ಜಗಳಾಡಿದ್ದೆ. ಬೋರ್‌ವೆಲ್ಲಿಗೆ ಮತ್ತೆ ನೀರು ಬಂದಿದೆ. ಅಪ್ಪ ಅರ್ಧ ಎಕರೆ ಸೇವಂತಿಗೆ ಹಾಕಿದ್ದಾನೆ. ಜಗಳ ಇನ್ನೂ ಮುಗಿದಿಲ್ಲ.

ಅಪ್ಪ ಕಂಬಿ ಹಿಡ್ಕೊಂಡು ಕಪ್ಪು ನೀರನ್ನೇ ನೋಡ್ತಾ ನಿಂತ. ಮೂಗು ಮುಚ್ಕೊಳ್ಳಲಿಲ್ಲ.

"ಇವತ್ತು ಬೆಳಗ್ಗೆ ನಿನ್ನ ಮನೇಲಿ ಸ್ನಾನ ಮಾಡಿದ್ನಲ್ಲ," ಅಂದ, "ಆ ನೀರು ನಾನು ಊರು ಸೇರೋದ್ರೊಳಗೆ ಬಂದಿರುತ್ತಾ, ಇಲ್ಲಾ ಆಮೇಲೆ ಬರುತ್ತಾ?"

ಕೊಳವೆಯ ಉದ್ದ, ಪಂಪಿನ ವೇಗ, ನಡುವಿನ ಕೆರೆಗಳು. ನಾನು ಮನಸ್ಸಲ್ಲೇ ಲೆಕ್ಕ ಹಾಕೋಕೆ ಶುರು ಮಾಡ್ದೆ. ಅಪ್ಪ ಆಗಲೇ ಆಟೋದವನ ಹತ್ರ ಮೆಜೆಸ್ಟಿಕ್ಕಿಗೆ ಎಷ್ಟು ಅಂತ ಕೇಳ್ತಿದ್ದ.