ನಿರ್ವಾತ ಸೋರಿಕೆ ಮತ್ತು ಎಂಜಿನ್ ಎಚ್ಚರಿಕೆ ದೀಪ

ನಿರ್ವಾತ ಸೋರಿಕೆ ಎಂದರೆ ಪೆಟ್ರೋಲ್ ಎಂಜಿನ್ನಿನ ಗಾಳಿ ಮಾರ್ಗದ ಬಿರುಕಿನ ಮೂಲಕ ಅಳತೆಗೆ ಸಿಗದ ಗಾಳಿ ಒಳಸೇರುವ ದೋಷ. ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಬಿಸಿಗೆ ಗಡಸಾಗಿ ಸೀಳಿದ ರಬ್ಬರ್ ಕೊಳವೆಗಳು ಇದಕ್ಕೆ ಸಾಮಾನ್ಯ ಕಾರಣ. ಸೋರಿಕೆಯಾದಾಗ, ಗಾಡಿ ನಿಂತಿರುವಾಗ ಎಂಜಿನ್ ನಡುಗುತ್ತದೆ. ಎಚ್ಚರಿಕೆ ದೀಪ ಬೆಳಗಬಹುದು.

ಪತ್ತೆ: ಭಾರತದಲ್ಲಿ ಬಿಎಸ್-4 ಕಾರುಗಳಿಗೆ ದೋಷ ಗುರುತಿಸುವ ಒಬಿಡಿ ವ್ಯವಸ್ಥೆಯ ಮೊದಲ ಹಂತ 2010ರಲ್ಲಿ ಜಾರಿಗೆ ಬಂದಿತು. ಸ್ಕ್ಯಾನರ್‌ನಲ್ಲಿ ಕಾಣುವ ಪಿ0171 ಸಂಕೇತವು ಮಿಶ್ರಣದಲ್ಲಿ ಇಂಧನ ಸಾಲದೆಂದು ತಿಳಿಸುತ್ತದೆ. ಕಂಪ್ಯೂಟರ್ ಸೇರಿಸುವ ಹೆಚ್ಚುವರಿ ಇಂಧನದ ಪ್ರಮಾಣವು ಎಂಜಿನ್ನಿನ ವೇಗ ಏರಿಸಿದಾಗ ತಗ್ಗಿದರೆ ಸೋರಿಕೆಯನ್ನೂ, ತಗ್ಗದಿದ್ದರೆ ಇಂಧನ ಪಂಪು, ಫಿಲ್ಟರುಗಳನ್ನೂ ಶಂಕಿಸಬೇಕು. ಕೊಳವೆಗಳಿಗೆ ಹೊಗೆ ತುಂಬಿದರೆ ಬಿರುಕಿನ ಜಾಗ ಗೋಚರಿಸುತ್ತದೆ.

ಎಚ್ಚರಿಕೆ: ಗೋಕಾಕ, ಮೂಡಲಗಿಗಳಿಂದ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದತ್ತ ಹೋಗಿ ರಾಷ್ಟ್ರೀಯ ಹೆದ್ದಾರಿ 48ನ್ನು ಸೇರುವವರು ಗಮನಿಸಬೇಕಾದುದಿಷ್ಟು: ದೀಪ ಸ್ಥಿರವಾಗಿದ್ದರೆ ಬೇಗನೆ ತಪಾಸಣೆ ಮಾಡಿಸಬೇಕು, ಮಿನುಗುತ್ತಿದ್ದರೆ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಬೇಕು, ಇಲ್ಲವಾದರೆ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಹುದು. ಬ್ಯಾಟರಿ ತಂತಿ ಬಿಚ್ಚಿದರೆ ದೀಪ ಆರೀತು, ದೋಷ ಉಳಿಯುತ್ತದೆ.