ಪ್ರಮೀಳೆಗೆ ಗರ್ವಭಂಗವಾಯಿತೆ?

ಬಸವನಗುಡಿಯ ಕಡೆ ಸಂಜೆಯ ಗಮಕವಾಚನಗಳಿಗೆ ಹೋಗಿ ಕುಳಿತು ಅಭ್ಯಾಸವುಳ್ಳವರಿಗೆ ಲಕ್ಷ್ಮೀಶನ ‘ಜೈಮಿನಿ ಭಾರತ’ವನ್ನು ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಚಂದ್ರಹಾಸನ ಕಥೆ, ಸೀತಾಪರಿತ್ಯಾಗದ ಕರುಣೆ ಇವೆಲ್ಲ ನಮ್ಮ ಮನೆಮನೆಯ ಮಾತು. ಪ್ರಮೀಳೆಯ ಪ್ರಸಂಗವೊಂದು ಮಾತ್ರ ಸ್ವಲ್ಪ ಹಿಂದೆ ಸರಿದಿದೆ. ಅದನ್ನು ನೆನೆದಾಗಲೆಲ್ಲ ನನಗೆ ಒಂದು ಹಳೆಯ ಸಾಲ ನೆನಪಾಗುತ್ತದೆ.

ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಈ ಭಾಗವನ್ನು ಪಾಠ ಹೇಳುತ್ತಿದ್ದೆ. ‘ಗಂಡಿನಂತೆ ಮೆರೆದ ಹೆಣ್ಣಿಗೆ ಗರ್ವಭಂಗ’ ಎಂದು ನನ್ನ ಗುರುಗಳಿಂದ ಕೇಳಿದ್ದನ್ನೇ ಬರೆಸಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, “ಸಾರ್, ಪ್ರಮೀಳೆ ತನ್ನನ್ನು ತಾನು ಏನೆಂದುಕೊಂಡಿದ್ದಳು?” ಎಂದು ಕೇಳಿದ. ತರಗತಿ ನಕ್ಕಿತು, ನಾನೂ ನಕ್ಕೆ. ಆಮೇಲೆ ಆ ವಿದ್ಯಾರ್ಥಿ ಪ್ರಶ್ನೆ ಕೇಳಲಿಲ್ಲ.

ಈಗ ಕಾವ್ಯವನ್ನೇ ನೋಡೋಣ. ಇದು 34 ಸಂಧಿಗಳ ವಾರ್ಧಕ ಷಟ್ಪದಿಯ ಕೃತಿ. ಕವಿಯ ಕಾಲ 16ನೆಯ ಶತಮಾನದ ಸುಮಾರು ಎಂಬುದು ವಿದ್ವಾಂಸರ ಸಾಮಾನ್ಯ ಎಣಿಕೆ. ಧರ್ಮರಾಯನ ಅಶ್ವಮೇಧದ ಕುದುರೆಯ ಹಿಂದೆ ಅರ್ಜುನ ಹೊರಟಿದ್ದಾನೆ. ದಾರಿಯಲ್ಲಿ ಒಂದು ಕೊಳಕ್ಕಿಳಿದ ಕುದುರೆ ಹೆಣ್ಣಾಗುತ್ತದೆ, ಮತ್ತೊಂದರಲ್ಲಿ ಹುಲಿಯಾಗುತ್ತದೆ. ಕೃಷ್ಣಸ್ಮರಣೆಯಿಂದ ಮೊದಲಿನ ರೂಪು ಬರುತ್ತದೆ. ಅಲ್ಲಿಂದ ಮುಂದೆ ಸಿಕ್ಕುವುದೇ ಸ್ತ್ರೀರಾಜ್ಯ. ಅಲ್ಲಿ ದೊರೆತನವೂ ಹೆಂಗಸರದು, ಯುದ್ಧವೂ ಹೆಂಗಸರದು. ಕುದುರೆಯನ್ನು ಕಟ್ಟಿಹಾಕಿದ ಪ್ರಮೀಳೆ ‘ನನ್ನನ್ನು ವರಿಸು’ ಎಂದು ತಾನೇ ಕೇಳುತ್ತಾಳೆ. ಅರ್ಜುನ ಒಪ್ಪುವುದಿಲ್ಲ, ಬಾಣಗಳು ಹಾರುತ್ತವೆ. ಅವಳು ಸೋಲುವುದಿಲ್ಲ. ಕೊನೆಗೆ ಅಶರೀರವಾಣಿ ಅರ್ಜುನನನ್ನು ತಡೆದು, ಇವಳನ್ನು ಮದುವೆಯಾಗು ಎನ್ನುತ್ತದೆ. ತಗ್ಗಿದವನು ಅರ್ಜುನ. ಹಾಗಾದರೆ ಗರ್ವಭಂಗವಾದದ್ದು ಯಾರಿಗೆ?

ಇನ್ನೊಂದು ಮಾತು. ಈ ಅರ್ಜುನ ಯಾರು? ವಿರಾಟನ ಅರಮನೆಯಲ್ಲಿ ಒಂದು ವರ್ಷ ಬೃಹನ್ನಳೆಯಾಗಿ ಉತ್ತರೆಗೆ ನಾಟ್ಯ ಕಲಿಸಿದವನು. ಹೆಣ್ಣಾಗಿ ತಿರುಗಿದ ಕುದುರೆ, ಹೆಣ್ಣಿನ ಉಡುಗೆಯಲ್ಲಿ ಬಾಳಿದ ವೀರ, ಗಂಡಿನ ಸಿಂಹಾಸನದಲ್ಲಿ ಕುಳಿತ ಹೆಣ್ಣು: ಈ ಮೂವರನ್ನೂ ಕಥೆ ಒಂದೇ ದಾರಿಯಲ್ಲಿ ತಂದು ನಿಲ್ಲಿಸಿದೆ. ಗಂಡು ಹೆಣ್ಣುಗಳ ಗೆರೆ ಕಲ್ಲಿನಲ್ಲಿ ಕೊರೆದದ್ದಲ್ಲವೆಂಬ ಅರಿವು ಇದರಲ್ಲಿ ಇದ್ದೇ ಇದೆ.

ಇಂದಿನ ಹೆಸರುಗಳನ್ನು ಹಳೆಯ ಕವಿಯ ತಲೆಯ ಮೇಲೆ ಹೊರಿಸಬಾರದೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೆ. ಪ್ರಮೀಳೆ ಬಯಸಿದ್ದು ಗಂಡನನ್ನು. ಕಡೆಗೆ ಅವಳು ಹೊರಟದ್ದು ಹಸ್ತಿನಾವತಿಗೆ. ಅದನ್ನು ಮುಚ್ಚಿಟ್ಟು ಓದುವುದೂ ತಪ್ಪು. ಆದರೆ ‘ಗರ್ವಭಂಗ’ವೂ ಹೊರಿಸಿದ ಹೆಸರೇ ಅಲ್ಲವೆ? ಅದು ಹಳೆಯದಾದ ಮಾತ್ರಕ್ಕೆ ಕವಿಯದಾಗಲಿಲ್ಲ. 1852ರಲ್ಲಿ ವೆಸ್ಲಿಯನ್ ಮಿಷನ್ನಿನ ಸ್ಯಾಂಡರ್ಸನ್ನರು ಈ ಕಾವ್ಯವನ್ನು ಅನುವಾದ, ಟಿಪ್ಪಣಿಗಳೊಡನೆ ಬೆಂಗಳೂರಿನಲ್ಲಿ ಅಚ್ಚುಹಾಕಿಸಿದಂದಿನಿಂದ ನಮ್ಮವರೆಗೆ, ಪ್ರತಿಯೊಂದು ತಲೆಮಾರೂ ತನ್ನ ಕನ್ನಡಕದಿಂದಲೇ ಇದನ್ನು ಓದಿದೆ. ಯಕ್ಷಗಾನದ ರಂಗದಲ್ಲಂತೂ ಪ್ರಮೀಳೆಯ ವೇಷ ಕಟ್ಟಿದವರು ಬಹುಕಾಲ ಗಂಡಸರೇ. ಹೆಣ್ಣಾದ ಗಂಡು, ಗಂಡಿನಂತೆ ಆಳುವ ಹೆಣ್ಣಾಗಿ, ಬಾಣ ಹೂಡುವುದನ್ನು ನಮ್ಮ ಹಿರಿಯರು ರಾತ್ರಿಯೆಲ್ಲ ಕುಳಿತು ನೋಡಿದರು. ಅವರಿಗೆ ಅದು ವಿಚಿತ್ರವೆನಿಸಲಿಲ್ಲ.

ಅಷ್ಟು ದೂರವೇಕೆ? ಚಾಮರಾಜಪೇಟೆಯಿಂದ ನಡೆದುಹೋಗುವಷ್ಟು ಹತ್ತಿರದ ಹಳೆಯ ಪೇಟೆಯಲ್ಲಿ, ಚೈತ್ರ ಹುಣ್ಣಿಮೆಯ ರಾತ್ರಿ, ತಿಗಳ ಕುಲದ ಗಂಡಸೊಬ್ಬ ಸೀರೆಯುಟ್ಟು ಬಳೆ ತೊಟ್ಟು ದ್ರೌಪದಿಯ ಕರಗವನ್ನು ಹೊರುತ್ತಾನೆ. ನಾವು ಕೈಮುಗಿಯುತ್ತೇವೆ, ನಗುವುದಿಲ್ಲ. ಒಂದು ರಾತ್ರಿಯ ಮಟ್ಟಿಗೆ ಸಲ್ಲುವ ಗೌರವ, ದಿನನಿತ್ಯ ಹಾಗೆ ಬಾಳುವವರಿಗೆ ಏಕೆ ಸಲ್ಲಬಾರದು? ತಾನು ಗಂಡೋ ಹೆಣ್ಣೋ ಮತ್ತೊಂದೋ ಎಂಬುದನ್ನು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ ಎಂದು ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ತೀರ್ಪಿತ್ತಿತು. ಜೋಗತಿ ಮಂಜಮ್ಮನವರು 2021ರಲ್ಲಿ ಪದ್ಮಶ್ರೀ ಪಡೆದರು. ಕಾಲ ನಡೆದಿದೆ, ಪಾಠದ ಟಿಪ್ಪಣಿ ಮಾತ್ರ ಕುಳಿತಲ್ಲೇ ಇತ್ತು.

ಈಚೆಗೆ ಸಾಹಿತ್ಯ ಪರಿಷತ್ತಿನ ಮುಂದೆ ಸೀರೆಯುಟ್ಟ ಒಬ್ಬರು ನನ್ನನ್ನು ನಿಲ್ಲಿಸಿ ನಮಸ್ಕಾರ ಹೇಳಿದರು. ಗುರುತು ಹತ್ತಲು ತಡವಾಯಿತು. ಹಿಂದಿನ ಬೆಂಚಿನ ಆ ವಿದ್ಯಾರ್ಥಿಯೇ. ಈಗ ಹೆಸರು ಬೇರೆ. “ಅವತ್ತಿನ ಪ್ರಶ್ನೆಗೆ ಉತ್ತರ ಬರಲಿಲ್ಲ, ಸಾರ್” ಎಂದು ಆಕೆ ನಕ್ಕರು. ನನಗೆ ನಗು ಬರಲಿಲ್ಲ.

ಪ್ರಮೀಳೆ ತನ್ನನ್ನು ಏನೆಂದುಕೊಂಡಿದ್ದಳೆಂದು ಕವಿ ಹೇಳಲಿಲ್ಲ. ಆದರೆ ಅವಳನ್ನು ಸೋಲಿಸಲೂ ಇಲ್ಲ. ಈ ವರ್ಷ ಪಾಠ ಬಂದಾಗ ‘ಗರ್ವಭಂಗ’ವೆಂಬ ಪದವನ್ನು ಹೊಡೆದುಹಾಕಿ, ಆಕೆಯ ಪ್ರಶ್ನೆಯನ್ನೇ ಕಪ್ಪುಹಲಗೆಯ ಮೇಲೆ ಬರೆದೆ.