ಯಾರು ತಿದ್ದಿದ್ದು? ಒಟ್ಟಿಗೆ ಕೆಲಸ ಮಾಡೋರಿಗೆ ಗಿಟ್‌ನ 11 ಕಮಾಂಡ್‌ಗಳು

ಹಿರಿಯೂರು ತಾಲೂಕಿನ ಹರಿಯಬ್ಬೆಯಲ್ಲಿ ನಾಲ್ವರು ಗೆಳೆಯರು ಮಾಹಿತಿ ಹಕ್ಕಿನಡಿ ಪಡೆದ ಪಂಚಾಯ್ತಿ ಕಾಮಗಾರಿ ಪಟ್ಟಿಯನ್ನು ಒಟ್ಟಿಗೆ ತಿದ್ದುತ್ತಿದ್ದಾರೆ ಅಂದುಕೊಳ್ಳಿ. ಒಂದು ದಿನ ನೋಡಿದರೆ ಚರಂಡಿ ಕಾಮಗಾರಿಯ ಮೊತ್ತವೇ ಬದಲಾಗಿದೆ. ಯಾರು ಬದಲಿಸಿದ್ದು? ವಾಟ್ಸ್ಯಾಪ್‌ನಲ್ಲಿ ಓಡಾಡುವ ‘ಫೈನಲ್’, ‘ಫೈನಲ್-2’ ಫೈಲುಗಳಲ್ಲಿ ಉತ್ತರ ಸಿಗಲ್ಲ. ಗಿಟ್‌ನಲ್ಲಿ ಸಿಗುತ್ತೆ.

ಲಿನಕ್ಸ್ ಕರ್ನಲ್ ತಂಡ ಬಳಸುತ್ತಿದ್ದ ಬಿಟ್‌ಕೀಪರ್‌ನ ಉಚಿತ ಪರವಾನಗಿ ಕೈತಪ್ಪಿದಾಗ, 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದರು. ಇದು ಬರೀ ಕೋಡ್ ಬರೆಯೋರಿಗಲ್ಲ: ವಿ. ಕೃಷ್ಣ ಅವರ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ನ ಮುಕ್ತ ದತ್ತಾಂಶವೂ ಗಿಟ್‌ಹಬ್‌ನಲ್ಲಿದೆ.

ಟರ್ಮಿನಲ್‌ನಲ್ಲಿ ಇವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಗಿಟ್ ಕ್ಲೋನ್: ಇಡೀ ರೆಪೊಸಿಟರಿ, ಇತಿಹಾಸದ ಸಮೇತ, ನಿಮ್ಮ ಲ್ಯಾಪ್‌ಟಾಪಿಗೆ. ಒಮ್ಮೆ ಮಾಡಿದರೆ ಸಾಕು.

ಗಿಟ್ ಪುಲ್: ಉಳಿದವರ ಬದಲಾವಣೆ ತರಲು. ದಿನಾ ಕೆಲಸ ಶುರುವಾಗೋದು ಇಲ್ಲಿಂದ.

ಗಿಟ್ ಸ್ವಿಚ್ -ಸಿ: ನಿಮ್ಮದೇ ಹೊಸ ಬ್ರ್ಯಾಂಚ್. ಇಲ್ಲಿ ತಪ್ಪಿದರೂ ಮುಖ್ಯ ಪ್ರತಿಗೆ ಧಕ್ಕೆಯಿಲ್ಲ.

ಗಿಟ್ ಸ್ಟೇಟಸ್, ಗಿಟ್ ಡಿಫ್: ಯಾವ ಫೈಲ್ ಬದಲಾಗಿದೆ, ಯಾವ ಸಾಲು ಬದಲಾಗಿದೆ.

ಗಿಟ್ ಆಡ್, ಗಿಟ್ ಕಮಿಟ್ -ಎಂ: ಬೇಕಾದ ಬದಲಾವಣೆ ಆರಿಸಿ, ಕಾರಣ ಬರೆದು ದಾಖಲಿಸಲು. ‘ಅಪ್‌ಡೇಟ್’ ಅಂತಷ್ಟೇ ಬರೆಯಬೇಡಿ. ‘ಚರಂಡಿ ಮೊತ್ತ ಬಿಲ್ ನೋಡಿ ತಿದ್ದಿದೆ’ ಅನ್ನಿ.

ಗಿಟ್ ಪುಶ್: ಕಮಿಟ್‌ಗಳನ್ನು ಸರ್ವರ್‌ಗೆ ಕಳಿಸಲು.

ಗಿಟ್ ಲಾಗ್, ಗಿಟ್ ಬ್ಲೇಮ್: ಇಡೀ ಇತಿಹಾಸ, ಪ್ರತಿ ಸಾಲನ್ನು ಕೊನೆಗೆ ಮುಟ್ಟಿದವರು ಯಾರು ಅನ್ನೋದು.

ಗಿಟ್ ರಿವರ್ಟ್: ಹಳೆಯ ಕಮಿಟ್ ಅಳಿಸದೆ, ಅದನ್ನು ರದ್ದು ಮಾಡುವ ಹೊಸ ಕಮಿಟ್.

ಇಬ್ಬರು ಒಂದೇ ಸಾಲು ತಿದ್ದಿದ್ದರೆ ಗಿಟ್ ಎರಡನ್ನೂ ತೋರಿಸಿ ನಿಂತುಬಿಡುತ್ತೆ. ಮಾತಾಡಿ ಒಂದನ್ನು ಉಳಿಸಿ, ಮತ್ತೆ ಆಡ್, ಕಮಿಟ್ ಮಾಡಿ.

ಇಂಜಿನಿಯರ್ ಆಗಿದ್ದಾಗ ನಾನು ಅವಸರದಲ್ಲಿ ಮುಖ್ಯ ಬ್ರ್ಯಾಂಚಿಗೆ ‘ಪುಶ್ --ಫೋರ್ಸ್’ ಮಾಡಿ, ಸಹೋದ್ಯೋಗಿಯ ಎರಡು ದಿನದ ಕೆಲಸವನ್ನು ಸರ್ವರ್‌ನಿಂದ ಕಾಣೆಯಾಗಿಸಿದ್ದೆ. ಅವರ ಲ್ಯಾಪ್‌ಟಾಪಿನ ಪ್ರತಿ ನನ್ನನ್ನು ಕಾಪಾಡಿತು. ಮುಖ್ಯ ಬ್ರ್ಯಾಂಚಿಗೆ ಆ ಅನುಮತಿಯನ್ನೇ ಕೊಡಬೇಡಿ.

ಇನ್ನೆರಡು ಎಚ್ಚರಿಕೆ. ಕಮಿಟ್‌ನಲ್ಲಿ ಕಾಣುವ ಹೆಸರು ಬರೆದವರು ತಾವೇ ಕೊಟ್ಟುಕೊಂಡದ್ದು, ಅದೊಂದೇ ಸಾಕ್ಷಿಯಾಗಲ್ಲ. ಇನ್ನೊಬ್ಬರು ಪರಿಶೀಲಿಸದೆ ಏನನ್ನೂ ಸೇರಿಸಬೇಡಿ. ಮತ್ತೆ, ಫಲಾನುಭವಿಗಳ ಆಧಾರ್, ಫೋನ್ ನಂಬರ್ ಕಮಿಟ್ ಮಾಡಲೇಬೇಡಿ. ರಿವರ್ಟ್ ಮಾಡಿದರೂ ಅದು ಇತಿಹಾಸದಲ್ಲಿ ಉಳಿಯುತ್ತೆ. ಪಂಚಾಯ್ತಿಯ ಲೆಕ್ಕ ಕೇಳಲು ಹೊರಟವರು ಊರಿನವರ ಗುಟ್ಟು ಬಯಲು ಮಾಡಬಾರದು.